ಅಲ್ಪಸಂಖ್ಯಾತರ ಹಕ್ಕು ಯಾರ ಸೊತ್ತು?

ಅಲ್ಪಸಂಖ್ಯಾತ ಜನಾಂಗಗಳ ವಿಷಯದಲ್ಲಿ ಜಗತ್ತಿನ ಬಹುಪಾಲು ದೇಶಗಳು ಕಾನೂನಿನ ಕಟ್ಟಿಗೆ ಒಳಪಟ್ಟು ಒಪ್ಪಿಕೊಂಡ ಮಾತು ಹೆಚ್ಚುಕಡಿಮೆ ಒಂದೇ ವಾಕ್ಯದಲ್ಲಿದೆ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ವಿಶ್ವಸಂಸ್ಥೆಯ ಮಹಾಸಭೆ 1966ರ ಡಿಸೆಂಬರ್ 16ರಂದು ಅಂಗೀಕರಿಸಿತು. ಅದು ಜಾರಿಗೆ ಬಂದದ್ದು 1976ರ ಮಾರ್ಚ್ 23ರಂದು. ಅದರ 27ನೇ ವಿಧಿಯೇ ಆ ವಾಕ್ಯ. ಜನಾಂಗ, ಧರ್ಮ ಅಥವಾ ಭಾಷೆಯ ಲೆಕ್ಕದಲ್ಲಿ ಅಲ್ಪಸಂಖ್ಯಾತರಿರುವ ದೇಶಗಳಲ್ಲಿ, ಆ ಅಲ್ಪಸಂಖ್ಯಾತರಿಗೆ ಸೇರಿದ ವ್ಯಕ್ತಿಗಳು ತಮ್ಮ ಗುಂಪಿನ ಇತರರೊಡನೆ ಕೂಡಿ ತಮ್ಮ ಸಂಸ್ಕೃತಿಯಂತೆ ಬಾಳುವ, ತಮ್ಮ ಧರ್ಮವನ್ನು ಆಚರಿಸುವ, ತಮ್ಮ ಭಾಷೆಯನ್ನು ಬಳಸುವ ಹಕ್ಕನ್ನು ಅವರಿಗೆ ಇಲ್ಲವಾಗಿಸಬಾರದು ಎಂಬುದು ಅದರ ತಾತ್ಪರ್ಯ.

ವಾಕ್ಯವನ್ನು ಇನ್ನೊಮ್ಮೆ ನಿಧಾನವಾಗಿ ಓದಿದರೆ ಹಕ್ಕುದಾರರು ಯಾರೆಂಬುದು ತಿಳಿಯುತ್ತದೆ. ಹಕ್ಕು ಸಿಕ್ಕಿರುವುದು ಅಲ್ಪಸಂಖ್ಯಾತ ಸಮುದಾಯಕ್ಕಲ್ಲ, ಅದಕ್ಕೆ ಸೇರಿದ ಒಬ್ಬೊಬ್ಬ ವ್ಯಕ್ತಿಗೆ. ಆದರೆ ಈ ಹಕ್ಕು ಕಾಪಾಡಬೇಕಾದ ವಸ್ತು ಒಬ್ಬರ ಕೈಯಲ್ಲಿ ಉಳಿಯುವಂಥದ್ದಲ್ಲ. ಎದುರಿಗೆ ನಿಂತು ಉತ್ತರ ಕೊಡುವ ಇನ್ನೊಬ್ಬರಿಲ್ಲದ ಭಾಷೆ ನಿಘಂಟಿನಲ್ಲಷ್ಟೇ ಉಳಿದೀತು. ಊರು ಸೇರದ ಜಾತ್ರೆ ಜಾತ್ರೆಯಲ್ಲ. ಒಬ್ಬಂಟಿಯಾಗಿ ಅನುಭವಿಸಲಾಗದ್ದನ್ನು ಒಬ್ಬೊಬ್ಬರ ಹೆಸರಿಗೆ ಬರೆದುಕೊಟ್ಟದ್ದೇಕೆ? ಸಮುದಾಯದ ಉಳಿವು ಒಂದು ಕಡೆ, ಅದೇ ಸಮುದಾಯದ ಒಬ್ಬಳ ಬದುಕು ಇನ್ನೊಂದು ಕಡೆ ನಿಂತಾಗ ಹಕ್ಕು ಯಾರ ಪರ ಮಾತಾಡಬೇಕು? ಕಾನೂನಿನ ಪುಸ್ತಕದಲ್ಲಿರುವ ಈ ಪ್ರಶ್ನೆ ಮೂಲದಲ್ಲಿ ತತ್ತ್ವಶಾಸ್ತ್ರದ್ದು. ಮನುಷ್ಯ ಮೊದಲು ವ್ಯಕ್ತಿಯೋ, ಮೊದಲು ಯಾವುದೋ ಕುಲದ ಕೂಸೋ ಎಂಬ ಹಳೆಯ ಜಿಜ್ಞಾಸೆಯೇ ಇಲ್ಲಿ ವಿಧಿ, ದೂರು, ತೀರ್ಪುಗಳ ವೇಷದಲ್ಲಿ ಬಂದಿದೆ.

ನಾರ್ವೆ, ಸ್ವೀಡನ್, ಫಿನ್ಲೆಂಡ್‌ಗಳ ಉತ್ತರ ಭಾಗದಲ್ಲೂ ರಷ್ಯಾದ ಕೋಲಾ ಪರ್ಯಾಯದ್ವೀಪದಲ್ಲೂ ಇರುವ ಸಾಮಿ ಜನರ ಹಿಮಸಾರಂಗ ಸಾಕಣೆಯಲ್ಲಿ ಈ ಪ್ರಶ್ನೆ ಕಣ್ಣಿಗೆ ಕಾಣುವ ಹಾಗೆ ಇದೆ. ವಸಂತದಲ್ಲಿ ಹುಟ್ಟಿದ ಕರುಗಳನ್ನು ಬೇಸಿಗೆಯಲ್ಲಿ ತಾಯಂದಿರ ಜೊತೆಗೇ ಬೇಲಿಯೊಳಕ್ಕೆ ಕೂಡುತ್ತಾರೆ. ಯಾವ ಕರು ಯಾವ ತಾಯಿಯ ಬೆನ್ನು ಹತ್ತಿದೆ ಎಂದು ಕಾದು ನೋಡಿ, ಕುಣಿಕೆ ಹಗ್ಗ ಎಸೆದು ಹಿಡಿದು, ಹರಿತವಾದ ಚೂರಿಯಿಂದ ಕರುವಿನ ಕಿವಿಯಂಚಿನಲ್ಲಿ ಕಚ್ಚು ಹಾಕುತ್ತಾರೆ. ಆ ಕಚ್ಚುಗಳ ಜೋಡಣೆ ಒಬ್ಬೊಬ್ಬ ಒಡೆಯನದು ಒಂದೊಂದು ಬಗೆ. ಮಕ್ಕಳಿಗೂ ತಮ್ಮದೇ ಗುರುತು ಇರುತ್ತದೆ, ಆ ಗುರುತಿನ ಕರು ಆ ಮಗುವಿನದೇ. ಹೀಗೆ ಪ್ರತಿ ಪ್ರಾಣಿಯೂ ಒಬ್ಬರ ಸ್ವಂತ ಸೊತ್ತು. ಆದರೆ ಯಾರೂ ತಮ್ಮ ಪ್ರಾಣಿಗಳನ್ನು ಬೇರೆ ಮಾಡಿಕೊಂಡು ಮೇಯಿಸುವುದಿಲ್ಲ, ಮೇಯಿಸಲಾಗುವುದೂ ಇಲ್ಲ. ಹಲವು ಮನೆಗಳು ಸೇರಿದ ಸಿಯಿಡಾ ಎಂಬ ಹಟ್ಟಿ ಇಡೀ ಮಂದೆಯನ್ನು ಒಟ್ಟಿಗೆ ಕಾಯುತ್ತದೆ, ಚಳಿಗಾಲದ ಹುಲ್ಲುಗಾವಲನ್ನು ಒಟ್ಟಿಗೆ ಬಳಸುತ್ತದೆ. ಕಿವಿಯ ಗುರುತು ಒಬ್ಬರದು, ಮೇವಿನ ನೆಲ ಎಲ್ಲರದು. ನೆಲ ಹೋದರೆ ಗುರುತಿಗೆ ಬೆಲೆಯಿಲ್ಲ. ಗುರುತನ್ನೇ ಅಳಿಸಿ ಎಲ್ಲವೂ ಹಟ್ಟಿಯದೆಂದರೆ ಆ ಮಗುವಿನ ಕರು ಎಲ್ಲಿ ಹೋಯಿತೆಂದು ಕೇಳುವವರಿಲ್ಲ. 27ನೇ ವಿಧಿಯ ಮೇಲೆ ಅರ್ಧ ಶತಮಾನ ನಡೆದ ವಾದವೆಲ್ಲ ಈ ಎರಡು ಅಪಾಯಗಳ ನಡುವಿನ ಓಡಾಟ.

ಹಕ್ಕು ವ್ಯಕ್ತಿಯ ಹೆಸರಿಗೆ ಬಂದದ್ದರ ಹಿಂದೆ ಇತಿಹಾಸದ ಕಹಿಯಿದೆ. ಮೊದಲ ಮಹಾಯುದ್ಧ ಮುಗಿದಾಗ ಯೂರೋಪಿನ ಗಡಿಗಳನ್ನು ಹೊಸದಾಗಿ ಎಳೆದರು. ಎಲ್ಲಿ ಎಳೆದರೂ ಯಾವುದಾದರೂ ಜನ ಗಡಿಯ ತಪ್ಪು ಬದಿಯಲ್ಲಿ ಉಳಿಯುತ್ತಿದ್ದರು. 1919ರಲ್ಲಿ ಪೋಲೆಂಡಿನೊಡನೆ ಮಾಡಿಕೊಂಡ ಒಪ್ಪಂದದಿಂದ ಆರಂಭಿಸಿ ಒಂದಾದ ಮೇಲೊಂದು ದೇಶ ತನ್ನ ಅಲ್ಪಸಂಖ್ಯಾತರ ಬಗ್ಗೆ, ವಿಶ್ವಸಂಸ್ಥೆಗೆ ಮುಂಚೆ ಇದ್ದ ರಾಷ್ಟ್ರಸಂಘಕ್ಕೆ ಮಾತು ಕೊಟ್ಟಿತು. ಅಲ್ಬೇನಿಯಾ ಮಾತು ಕೊಟ್ಟದ್ದು 1921ರಲ್ಲಿ: ಅಲ್ಪಸಂಖ್ಯಾತರು ತಮ್ಮದೇ ಖರ್ಚಿನಲ್ಲಿ ಶಾಲೆಗಳನ್ನೂ ಧಾರ್ಮಿಕ, ಸಾಮಾಜಿಕ ಸಂಸ್ಥೆಗಳನ್ನೂ ನಡೆಸಿಕೊಳ್ಳಬಹುದು ಎಂದು. ಹನ್ನೆರಡು ವರ್ಷಗಳ ಬಳಿಕ, 1933ರಲ್ಲಿ, ಅದೇ ಅಲ್ಬೇನಿಯಾ ಸಂವಿಧಾನವನ್ನು ತಿದ್ದಿ ದೇಶದ ಎಲ್ಲ ಖಾಸಗಿ ಶಾಲೆಗಳನ್ನೂ ಮುಚ್ಚಿತು. ದಕ್ಷಿಣದ ಗ್ರೀಕ್ ಮಾತಿನ ಊರುಗಳ ಶಾಲೆಗಳಿಗೂ ಬೀಗ ಬಿತ್ತು.

ಅಲ್ಬೇನಿಯಾ ಮುಂದಿಟ್ಟ ವಾದ ಸರಳವಾಗಿತ್ತು, ಮೇಲುನೋಟಕ್ಕೆ ನ್ಯಾಯವಾಗಿಯೂ ಇತ್ತು. ಶಾಲೆ ಮುಚ್ಚಿದ್ದು ಗ್ರೀಕರದ್ದನ್ನು ಮಾತ್ರವಲ್ಲ, ಎಲ್ಲರದ್ದನ್ನೂ. ಇದರಲ್ಲಿ ಭೇದವೆಲ್ಲಿ ಬಂತು? ಹೇಗ್ ನಗರದ ಕಾಯಂ ಅಂತರರಾಷ್ಟ್ರೀಯ ನ್ಯಾಯಾಲಯ 1935ರ ಏಪ್ರಿಲ್ 6ರಂದು, ಎಂಟು ನ್ಯಾಯಾಧೀಶರು ಪರ, ಮೂವರು ವಿರುದ್ಧ ಇದ್ದ ತನ್ನ ಸಲಹಾ ಅಭಿಪ್ರಾಯದಲ್ಲಿ ಈ ವಾದವನ್ನು ಒಪ್ಪಲಿಲ್ಲ. ಕಾನೂನಿನ ಕಣ್ಣಿನ ಸಮಾನತೆ ಬೇರೆ, ವಾಸ್ತವದ ಸಮಾನತೆ ಬೇರೆ ಎಂದಿತು ನ್ಯಾಯಾಲಯ. ಖಾಸಗಿ ಶಾಲೆ ಮುಚ್ಚಿದರೆ ಬಹುಸಂಖ್ಯಾತರ ಮಗು ಸರ್ಕಾರಿ ಶಾಲೆಗೆ ಹೋಗುತ್ತದೆ. ಅಲ್ಲೂ ಅದೇ ಭಾಷೆ, ಅದೇ ಹಾಡು, ಅದೇ ಇತಿಹಾಸ. ಅಲ್ಪಸಂಖ್ಯಾತರ ಮಗುವಿಗೆ ಹಾಗಲ್ಲ. ಅದರ ಪಾಲಿಗೆ ಶಾಲೆಯ ಜೊತೆಗೆ ತನ್ನ ಮಾತೂ ಮುಚ್ಚಿಹೋಗುತ್ತದೆ. ತಮ್ಮ ಸಂಸ್ಥೆಗಳಿಲ್ಲದೆ ಅಲ್ಪಸಂಖ್ಯಾತರಿಗೆ ನಿಜವಾದ ಸಮಾನತೆ ಇರಲಾರದು ಎಂದು ನ್ಯಾಯಾಲಯ ಕಂಡುಕೊಂಡದ್ದು ಇದನ್ನೇ. ಈ ವಿಷಯದಲ್ಲಿ ಇಷ್ಟು ಸ್ಪಷ್ಟವಾದ ಮಾತು ಆಮೇಲಿನ ದಶಕಗಳಲ್ಲೂ ವಿರಳ. ಎಲ್ಲರನ್ನೂ ಒಂದೇ ರೀತಿ ನೋಡುತ್ತೇವೆ ಎನ್ನುವ ಯಾವ ಸರ್ಕಾರಕ್ಕೂ ಅದು ಇಂದಿಗೂ ಸಲ್ಲುವ ಉತ್ತರ.

ರಾಷ್ಟ್ರಸಂಘದ ಏರ್ಪಾಡಿನಲ್ಲಿ ಅಲ್ಪಸಂಖ್ಯಾತರು ಕಕ್ಷಿದಾರರಾಗಿರಲಿಲ್ಲ. ಅವರ ಅರ್ಜಿ ಬರಿಯ ಮಾಹಿತಿ. ಪ್ರಶ್ನೆ ಎತ್ತುವ ಅಧಿಕಾರ ಸಂಘದ ಮಂಡಳಿಯಲ್ಲಿದ್ದ ದೇಶಗಳದ್ದು. ಇದಕ್ಕೆ ಅಪವಾದವಾಗಿದ್ದದ್ದು ಜರ್ಮನಿ ಮತ್ತು ಪೋಲೆಂಡ್ 1922ರಲ್ಲಿ ಮಾಡಿಕೊಂಡ ಮೇಲಿನ ಸೈಲೀಸಿಯಾದ ಒಪ್ಪಂದ. ಅದರಡಿ ವ್ಯಕ್ತಿಯೊಬ್ಬ ತಾನೇ ಅರ್ಜಿ ಹಾಕಬಹುದಿತ್ತು. 1933ರಲ್ಲಿ ಯಹೂದಿ ಎಂಬ ಕಾರಣಕ್ಕೆ ಕೆಲಸ ಕಳೆದುಕೊಂಡ ಫ್ರಾಂಟ್ಸ್ ಬೆರ್ನ್‌ಹೈಮ್ ಹಾಗೆ ಅರ್ಜಿ ಹಾಕಿದ. ರಾಷ್ಟ್ರಸಂಘ ಅದನ್ನು ಎತ್ತಿಹಿಡಿಯಿತು. ಜರ್ಮನಿಯ ಉಳಿದೆಡೆ ಯಹೂದಿಗಳ ಮೇಲೆ ಒಂದೊಂದಾಗಿ ಬಿದ್ದ ಕಾನೂನುಗಳು ಆ ಒಂದು ಪ್ರದೇಶದಲ್ಲಿ, 1937ರಲ್ಲಿ ಒಪ್ಪಂದದ ಅವಧಿ ಮುಗಿಯುವವರೆಗೆ, ತಡೆದು ನಿಂತವು. ಒಬ್ಬನ ರುಜು ಒಂದು ಸೀಮೆಯ ಸಾವಿರಾರು ಜನರಿಗೆ ನಾಲ್ಕು ವರ್ಷದ ನೆರಳು ಕೊಟ್ಟಿತು.

ಅದರಾಚೆ ಆ ಏರ್ಪಾಡು ಕುಸಿದುಬಿತ್ತು. ಚೆಕೊಸ್ಲೊವಾಕಿಯಾದ ಸುಡೇಟನ್ ಜರ್ಮನ್ನರ ಅಳಲನ್ನೇ ನೆಪ ಮಾಡಿಕೊಂಡು 1938ರಲ್ಲಿ ಹಿಟ್ಲರ್ ಆ ದೇಶವನ್ನು ಮುರಿದ. ಗುಂಪಿಗೆ ಹಕ್ಕು ಕೊಟ್ಟರೆ ನೆರೆಯವನಿಗೆ ಬಾಗಿಲು ತೆರೆದಂತೆ ಎಂಬ ಭಯ ಎಲ್ಲ ಸರ್ಕಾರಗಳ ಮನಸ್ಸಿನಲ್ಲೂ ಕೂತಿತು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯಲ್ಲಿ ಅಲ್ಪಸಂಖ್ಯಾತರಿಗೆಂದು ಒಂದು ವಿಧಿಯೂ ಇಲ್ಲ. ಅದೇ ದಿನದ ಇನ್ನೊಂದು ಠರಾವಿನಲ್ಲಿ, ವಿಷಯ ಜಟಿಲವಾದದ್ದು, ಮುಂದೆ ನೋಡೋಣ ಎಂಬರ್ಥದ ಮಾತಿದೆ. ಪ್ರತಿಯೊಬ್ಬ ಮನುಷ್ಯನ ಹಕ್ಕು ಕಾಪಾಡಿದರೆ ಗುಂಪುಗಳು ತಾವಾಗಿ ಉಳಿಯುತ್ತವೆ ಎಂಬುದು ಆ ಕಾಲದ ನಂಬಿಕೆ. ಅದೇ ವರ್ಷದ ನರಮೇಧ ತಡೆ ಒಡಂಬಡಿಕೆಯಿಂದಲೂ ಸಂಸ್ಕೃತಿಯನ್ನು ನಾಶಮಾಡುವ ಅಪರಾಧದ ಪ್ರಸ್ತಾಪವನ್ನು ಕೈಬಿಟ್ಟರು. ಆದರೆ ಹಕ್ಕುಗಳನ್ನು ಜಾರಿಗೊಳಿಸುವ ರಾಜಕೀಯ ಸಮುದಾಯವೇ ಇಲ್ಲದವನಿಗೆ ಮನುಷ್ಯನೆಂಬ ಕಾರಣದಿಂದ ಮಾತ್ರ ಏನೂ ದಕ್ಕಲಿಲ್ಲ ಎಂಬುದನ್ನು, ಸ್ವತಃ ನಿರಾಶ್ರಿತೆಯಾಗಿದ್ದ ಹನ್ನಾ ಅರೆಂಟ್ 1951ರ ತನ್ನ ಗ್ರಂಥದಲ್ಲಿ ತೋರಿಸಿಕೊಟ್ಟಳು.

ಈ ಎರಡು ಅನುಭವಗಳ ನಡುವೆ ಹುಟ್ಟಿದ ರಾಜಿಯೇ 27ನೇ ವಿಧಿ. ವ್ಯಕ್ತಿಗಳು ಎಂಬುದು ಸರ್ಕಾರಗಳ ಸಮಾಧಾನಕ್ಕೆ. ಇತರರೊಡನೆ ಕೂಡಿ ಎಂಬುದು ಸತ್ಯದ ಒತ್ತಾಯಕ್ಕೆ. ಅಲ್ಪಸಂಖ್ಯಾತರಿರುವ ದೇಶಗಳಲ್ಲಿ ಎಂಬ ಮೊದಲ ಮಾತಿನಲ್ಲಿ ಇನ್ನೊಂದು ಕಿಂಡಿಯಿತ್ತು. ನಮ್ಮಲ್ಲಿ ಅಂಥವರೇ ಇಲ್ಲ ಎಂದು ಹೇಳಿ ಪಾರಾಗಬಹುದಿತ್ತು. ಗಣರಾಜ್ಯವನ್ನು ಒಡೆಯಲಾಗದು, ಪ್ರಜೆಗಳಲ್ಲಿ ಭೇದವಿಲ್ಲ ಎಂಬ ತನ್ನ ಸಂವಿಧಾನದ ತತ್ತ್ವವನ್ನು ಮುಂದಿಟ್ಟು, ಈ ವಿಧಿ ತನಗೆ ಅನ್ವಯಿಸದು ಎಂದು ಫ್ರಾನ್ಸ್ ಹೇಳಿಕೊಂಡಿದೆ. ಬ್ರೆಟನ್, ಬಾಸ್ಕ್, ಕಾರ್ಸಿಕನ್ ಮಾತುಗಳು ಅಲ್ಲಿ ಇದ್ದೇ ಇವೆ. ಒಡಂಬಡಿಕೆಯ ಪಾಲನೆ ನೋಡಿಕೊಳ್ಳುವ ಮಾನವ ಹಕ್ಕುಗಳ ಸಮಿತಿ 1994ರಲ್ಲಿ ಕೊಟ್ಟ ವ್ಯಾಖ್ಯಾನ ಈ ಕಿಂಡಿಯನ್ನು ಮುಚ್ಚಿತು. ಅಲ್ಪಸಂಖ್ಯಾತರು ಇದ್ದಾರೋ ಇಲ್ಲವೋ ಎಂಬುದು ಸರ್ಕಾರದ ತೀರ್ಮಾನಕ್ಕೆ ಬಿಟ್ಟದ್ದಲ್ಲ, ಕಣ್ಣಿಗೆ ಕಾಣುವ ವಾಸ್ತವಕ್ಕೆ ಸೇರಿದ್ದು ಎಂದಿತು. ಹಕ್ಕು ವ್ಯಕ್ತಿಯದಾದರೂ ಗುಂಪು ತನ್ನ ಸಂಸ್ಕೃತಿಯನ್ನು ಉಳಿಸಿಕೊಂಡಾಗ ಮಾತ್ರ ಅದಕ್ಕೆ ಜೀವ, ಆದ್ದರಿಂದ ಸರ್ಕಾರ ಸುಮ್ಮನೆ ಕೂತರೆ ಸಾಲದು, ರಕ್ಷಣೆಗೆ ಕೈ ಹಾಕಬೇಕಾಗಬಹುದು ಎಂದೂ ಹೇಳಿತು.

ಅಲ್ಪಸಂಖ್ಯಾತರು ಯಾರು ಎಂಬುದಕ್ಕೆ ಒಡಂಬಡಿಕೆಯಲ್ಲಿ ಲಕ್ಷಣ ಬರೆದಿಲ್ಲ. ಇಟಲಿಯ ಕಾನೂನುತಜ್ಞ ಫ್ರಾಂಚೆಸ್ಕೊ ಕಾಪೊತೋರ್ತಿ 1977ರಲ್ಲಿ ವಿಶ್ವಸಂಸ್ಥೆಗಾಗಿ ಬರೆದುಕೊಟ್ಟದ್ದನ್ನೇ ಇಂದಿಗೂ ಎಲ್ಲರೂ ಎತ್ತಿಕೊಳ್ಳುತ್ತಾರೆ: ದೇಶದ ಉಳಿದ ಜನರಿಗಿಂತ ಸಂಖ್ಯೆಯಲ್ಲಿ ಕಡಿಮೆ, ಮೇಲುಗೈಯಿಲ್ಲದ ಸ್ಥಿತಿ, ಬೇರೆಯಾದ ಜನಾಂಗ, ಧರ್ಮ ಅಥವಾ ಭಾಷೆ, ಮತ್ತು ಅದನ್ನು ಉಳಿಸಿಕೊಳ್ಳಬೇಕೆಂಬ ಒಗ್ಗಟ್ಟಿನ ಭಾವ. ಮೇಲುಗೈಯ ಮಾತು ಮುಖ್ಯ. ಅದಿಲ್ಲದಿದ್ದರೆ ವರ್ಣಭೇದದ ಕಾಲದ ದಕ್ಷಿಣ ಆಫ್ರಿಕಾದ ಬಿಳಿಯರೂ ಈ ಆಶ್ರಯ ಬೇಡಬಹುದಿತ್ತು. ಆದರೆ ಸಂಖ್ಯೆಯನ್ನು ಎಲ್ಲಿ ನಿಂತು ಎಣಿಸಬೇಕು? ಕೆನಡಾದ ಕ್ವಿಬೆಕ್ ಪ್ರಾಂತ್ಯದ ಇಂಗ್ಲಿಷ್ ಮಾತಿನ ವ್ಯಾಪಾರಿಗಳು ಅಂಗಡಿ ಫಲಕದ ವಿಷಯದಲ್ಲಿ ದೂರು ಕೊಟ್ಟಾಗ, 1993ರಲ್ಲಿ ಸಮಿತಿ ಇಡೀ ದೇಶವನ್ನು ನೋಡಿ ಎಣಿಸಿತು. ಪ್ರಾಂತ್ಯದಲ್ಲಿ ಕಡಿಮೆಯಿದ್ದರೂ ಕೆನಡಾದಲ್ಲಿ ಇಂಗ್ಲಿಷಿನವರೇ ಹೆಚ್ಚು, ಹಾಗಾಗಿ 27ನೇ ವಿಧಿ ಅವರಿಗೆ ಸಲ್ಲದು ಎಂದಿತು. ಅವರಿಗೆ ನ್ಯಾಯ ಸಿಕ್ಕಿದ್ದು ಅಭಿವ್ಯಕ್ತಿ ಸ್ವಾತಂತ್ರ್ಯದ ದಾರಿಯಿಂದ. ಸಮಿತಿಯೊಳಗೇ ಕೆಲವರು ಈ ಎಣಿಕೆಯನ್ನು ಒಪ್ಪಲಿಲ್ಲ.

ಭಾರತದ ಸುಪ್ರೀಂ ಕೋರ್ಟು ಇದೇ ಪ್ರಶ್ನೆಗೆ ತಿರುವುಮುರುವಾದ ಉತ್ತರ ಕೊಟ್ಟಿದೆ. ಕರ್ನಾಟಕದಿಂದ ಹೋದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠ 2002ರಲ್ಲಿ, ಸಂವಿಧಾನದ 30ನೇ ವಿಧಿಯ ಮಟ್ಟಿಗೆ ಎಣಿಕೆಯ ಘಟಕ ರಾಜ್ಯವೇ ಎಂದು ತೀರ್ಮಾನಿಸಿತು. ರಾಜ್ಯಗಳನ್ನೇ ಭಾಷೆಯ ಮೇಲೆ ವಿಂಗಡಿಸಿದ ದೇಶದಲ್ಲಿ ಬೇರೆ ಲೆಕ್ಕಕ್ಕೆ ಅರ್ಥವೂ ಇರದು. ಕಾಸರಗೋಡಿನ ಕನ್ನಡಿಗ 1956ರ ಅಕ್ಟೋಬರ್ 31ರ ರಾತ್ರಿ ಮಲಗಿದ ಮನೆಯಲ್ಲೇ ಮರುದಿನ ಎದ್ದ. ಅಷ್ಟರಲ್ಲಿ ಅವನಿದ್ದ ತಾಲೂಕು ಕೇರಳಕ್ಕೆ ಸೇರಿತ್ತು, ಅವನು ಕೇರಳದ ಭಾಷಾ ಅಲ್ಪಸಂಖ್ಯಾತನಾಗಿದ್ದ. ಅದೇ ವರ್ಷದ ಏಳನೇ ತಿದ್ದುಪಡಿ, ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಕಲಿಕೆಗೆ ಅನುಕೂಲ ಒದಗಿಸಬೇಕೆನ್ನುವ 350ಎ ವಿಧಿಯನ್ನು ಸೇರಿಸಿದ್ದು ಇಂಥವರನ್ನು ನೆನೆದೇ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಿ ನೆಲೆಸಿದವರನ್ನೂ ಒಳಗೊಳ್ಳುವ ಹಾಗೆ ಅಲ್ಪಸಂಖ್ಯಾತ ಎಂಬ ಮಾತನ್ನು ಅಗಲವಾಗಿ ಬಳಸಿದ್ದೇವೆ ಎಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ವಿವರಿಸಿದ್ದರು. ಭಾರತ 1979ರಲ್ಲಿ ಒಡಂಬಡಿಕೆಯನ್ನು ಒಪ್ಪಿತಾದರೂ ವ್ಯಕ್ತಿಗಳಿಂದ ದೂರು ಸ್ವೀಕರಿಸುವ ಐಚ್ಛಿಕ ಪ್ರೋಟೋಕಾಲಿಗೆ ಸೇರಿಲ್ಲ. ಹಾಗಾಗಿ ಇಲ್ಲಿನ ಯಾರೊಬ್ಬರೂ ಜಿನೀವಾದ ಆ ಸಮಿತಿಯ ಕದ ತಟ್ಟುವಂತಿಲ್ಲ.

ವ್ಯಕ್ತಿಯ ಹೆಸರಿಗೆ ಹಕ್ಕು ಬರೆದದ್ದರ ಬೆಲೆ ಏನೆಂದು ತೋರಿಸಿಕೊಟ್ಟವಳು ಸಾಂಡ್ರಾ ಲವ್‌ಲೇಸ್. ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಟೋಬಿಕ್ ಎಂಬಲ್ಲಿ ಮಲಿಸೀತ್ ಜನರಿಗೆ ಮೀಸಲಾದ ನೆಲವಿದೆ. ಅವಳು ಅಲ್ಲಿನವಳು. 1970ರಲ್ಲಿ ಅವಳು ಹೊರಗಿನವನನ್ನು ಮದುವೆಯಾದಳು. ಮೂಲನಿವಾಸಿಗಳನ್ನು ಇಂಡಿಯನ್ನರೆಂದು ಕರೆಯುವ ಅಂದಿನ ಇಂಡಿಯನ್ ಕಾಯ್ದೆಯ ಪ್ರಕಾರ ಹಾಗೆ ಮದುವೆಯಾದ ಹೆಣ್ಣು ಕಾನೂನಿನ ಕಣ್ಣಿನಲ್ಲಿ ಇಂಡಿಯನ್ ಆಗಿ ಉಳಿಯುತ್ತಿರಲಿಲ್ಲ. ಗಂಡು ಹೊರಗಿನವಳನ್ನು ಮದುವೆಯಾದರೆ ಅವನ ಸ್ಥಾನಕ್ಕೆ ಏನೂ ಆಗುತ್ತಿರಲಿಲ್ಲ. ಸಂಸಾರ ಮುರಿದು ಮಗುವಿನೊಡನೆ ತವರಿಗೆ ಮರಳಿದವಳಿಗೆ ಅಲ್ಲಿ ನೆಲೆಸುವ ಹಕ್ಕಿರಲಿಲ್ಲ. ಅವಳ ತಂದೆತಾಯಿ ಅಲ್ಲೇ ಇದ್ದರು, ಅವಳ ಭಾಷೆ ಅಲ್ಲೇ ಇತ್ತು, ನೆಲವೂ ಕಣ್ಣೆದುರಿಗೇ ಇತ್ತು. ಅದೇ ಕಾಯ್ದೆಯ ಅದೇ ನಿಯಮವನ್ನು ಕೆನಡಾದ ಸುಪ್ರೀಂ ಕೋರ್ಟು 1973ರಲ್ಲಿ ಇನ್ನೊಬ್ಬ ಹೆಣ್ಣುಮಗಳ ಪ್ರಕರಣದಲ್ಲಿ ಎತ್ತಿಹಿಡಿದಿದ್ದರಿಂದ ದೇಶದೊಳಗಿನ ನ್ಯಾಯಾಲಯದ ದಾರಿ ಮುಚ್ಚಿತ್ತು. 1977ರ ಡಿಸೆಂಬರಿನಲ್ಲಿ ಅವಳು ಸಮಿತಿಗೆ ಬರೆದಳು.

ಕೆನಡಾ ಸರ್ಕಾರ ಹೇಳಿದ್ದು ಸಮುದಾಯದ ರಕ್ಷಣೆಯ ಮಾತನ್ನೇ. ಮೀಸಲು ನೆಲವನ್ನು ಹೊರಗಿನ ಗಂಡಸರಿಂದ ಕಾಪಾಡಬೇಕಿತ್ತು, ಕುಲ ಗಂಡಿನ ಕಡೆಯಿಂದ ಹರಿಯುತ್ತದೆಂಬ ಎಣಿಕೆಯಿತ್ತು, ತಿದ್ದುಪಡಿಯ ಬಗ್ಗೆ ಸಮುದಾಯದಲ್ಲೇ ಒಮ್ಮತವಿಲ್ಲ ಎಂದಿತು. ಒಮ್ಮತವಿರಲಿಲ್ಲ ಎಂಬುದು ನಿಜ. 1979ರಲ್ಲಿ ಟೋಬಿಕ್‌ನ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ರಾಜಧಾನಿ ಒಟ್ಟಾವಾಕ್ಕೆ ಕಾಲ್ನಡಿಗೆಯಲ್ಲಿ ಹೋದದ್ದೂ ಆ ಭಿನ್ನಮತದ ಭಾಗವೇ. ಸಮಿತಿ 1981ರ ಜುಲೈ 30ರಂದು ತನ್ನ ಅಭಿಪ್ರಾಯ ಕೊಟ್ಟಿತು. ಅವಳ ಸಮುದಾಯ ಇರುವುದು ಟೋಬಿಕ್‌ನಲ್ಲಿ, ಬೇರೆಲ್ಲೂ ಇಲ್ಲ. ಅಲ್ಲಿ ವಾಸಿಸಬಾರದೆಂದರೆ ತನ್ನವರೊಡನೆ ಕೂಡಿ ಬಾಳುವ ಹಕ್ಕನ್ನೇ ಕಿತ್ತುಕೊಂಡಂತೆ. ಗುಂಪಿನ ಗುರುತನ್ನು ಉಳಿಸಲು ಅವಳನ್ನು ಹೊರಗಿಡಲೇಬೇಕಾದ ಅಗತ್ಯವೂ ಕಾಣುವುದಿಲ್ಲ. 1985ರಲ್ಲಿ ಕೆನಡಾ ಕಾಯ್ದೆಯನ್ನು ತಿದ್ದಿತು. 2005ರಲ್ಲಿ ಸಾಂಡ್ರಾ ಲವ್‌ಲೇಸ್ ಅದೇ ದೇಶದ ಸೆನೆಟ್ ಸದಸ್ಯೆಯಾದಳು. ಹಕ್ಕು ಮಲಿಸೀತ್ ಸಮುದಾಯದ ಹೆಸರಿಗೆ ಮಾತ್ರ ಇದ್ದಿದ್ದರೆ ಅವಳ ಪರವಾಗಿ ಅದನ್ನು ಕೇಳುವವರು ಯಾರು? ಈ ಪ್ರಶ್ನೆಗೆ ಸಮುದಾಯದ ಹಕ್ಕನ್ನೇ ದೊಡ್ಡದೆನ್ನುವವರು ಇಂದಿಗೂ ನೆಟ್ಟಗೆ ಉತ್ತರ ಕೊಟ್ಟಿಲ್ಲ.

ಏಳು ವರ್ಷಗಳ ಬಳಿಕ ತಕ್ಕಡಿಯ ಇನ್ನೊಂದು ತಟ್ಟೆ ಕೆಳಗಿಳಿಯಿತು. ಸ್ವೀಡನ್ನಿನ ಐವನ್ ಕಿಟೋಕ್ ಸಾಮಿ ಮನುಷ್ಯ. ಅವನ ಮನೆತನ ನೂರು ವರ್ಷಕ್ಕೂ ಮಿಕ್ಕಿ ಹಿಮಸಾರಂಗ ಸಾಕಿತ್ತು. ಮೂರು ವರ್ಷ ಬೇರೆ ಉದ್ಯೋಗ ಮಾಡಿದವರು ಸಾಕಣೆಯ ಹಟ್ಟಿಯ ಸದಸ್ಯತ್ವ ಕಳೆದುಕೊಳ್ಳುತ್ತಾರೆ ಎಂಬುದು ಆಗ ಅಲ್ಲಿನ ನಿಯಮವಾಗಿತ್ತು. ಮೇವಿನ ನೆಲಕ್ಕೆ ಮಿತಿಯಿದೆ, ಎಲ್ಲರೂ ಸಾಕಿದರೆ ಯಾರೂ ಬದುಕುವಷ್ಟು ಸಾಕಲಾರರು ಎಂಬುದು ಅದರ ಕಾರಣ. ಸಮಿತಿ 1988ರಲ್ಲಿ, ಇಡೀ ಅಲ್ಪಸಂಖ್ಯಾತ ಸಮುದಾಯದ ಉಳಿವಿಗೆ ಅಗತ್ಯವಾದ, ಸಕಾರಣವಾದ ನಿರ್ಬಂಧ ಇದು ಎಂದು ಒಪ್ಪಿತು. ಹಕ್ಕಿನ ಭಂಗವಾಗಿಲ್ಲ ಎಂದಿತು. ಹುಟ್ಟಿನಿಂದ ಸಾಮಿಯಾದವನನ್ನು ಉದ್ಯೋಗದ ಲೆಕ್ಕ ಹಿಡಿದು ಸಾಮಿಯಲ್ಲ ಎನ್ನುವುದರ ಬಗ್ಗೆ ತನಗೆ ಗಾಢ ಸಂದೇಹವಿದೆ ಎಂಬುದನ್ನು ಮಾತ್ರ ಬಚ್ಚಿಡಲಿಲ್ಲ. ಆ ಸಂದೇಹ ನ್ಯಾಯವಾದದ್ದು. ನಿಯಮ ಮಾಡಿದ್ದು ಸಾಮಿ ಹಟ್ಟಿಗಳಲ್ಲ, ಸ್ವೀಡನ್ನಿನ ಸಂಸತ್ತು. ಸಾಮಿ ನೆಲ ಕಿರಿದಾದದ್ದೂ ಗಣಿ, ಅಣೆಕಟ್ಟು, ಕಾಡು ಕಡಿತಗಳಿಂದ. ಹೊರಗಿನವರು ನೆಲ ಕುಗ್ಗಿಸಿ, ಉಳಿದದ್ದನ್ನು ಹಂಚಿಕೊಳ್ಳುವ ಕಷ್ಟವನ್ನು ಒಳಗಿನ ಒಬ್ಬನ ಮೇಲೆ ಹೊರಿಸಿದಾಗ ಅದನ್ನು ಸಮುದಾಯದ ರಕ್ಷಣೆ ಎಂದು ಪೂರ್ತಿಯಾಗಿ ಹೇಳಲಾಗದು.

ತತ್ತ್ವಜ್ಞಾನಿಗಳು ಈ ಗಂಟನ್ನು ಬೇರೆ ಬೇರೆ ತುದಿಯಿಂದ ಹಿಡಿದಿದ್ದಾರೆ. ಕೆನಡಾದ ವಿಲ್ ಕಿಮ್ಲಿಕಾ 1995ರಲ್ಲಿ, ಸಮುದಾಯವನ್ನು ಹೊರಗಿನ ಒತ್ತಡದಿಂದ ಕಾಪಾಡುವ ರಕ್ಷಣೆ ಬೇರೆ, ಸಮುದಾಯ ತನ್ನೊಳಗಿನವರ ಮೇಲೆ ಹೇರುವ ನಿರ್ಬಂಧ ಬೇರೆ ಎಂದು ವಿಂಗಡಿಸಿದ. ಉದಾರವಾದಿಗೆ ಮೊದಲನೆಯದು ಒಪ್ಪಿಗೆ, ಎರಡನೆಯದು ಅಲ್ಲ. ಮನುಷ್ಯ ಆಯ್ಕೆ ಮಾಡಿಕೊಳ್ಳುವುದು ತನ್ನ ಸಂಸ್ಕೃತಿ ಮುಂದಿಡುವ ದಾರಿಗಳ ನಡುವೆ. ಸಂಸ್ಕೃತಿಯೇ ಕುಸಿದರೆ ಆಯ್ಕೆಯ ಸ್ವಾತಂತ್ರ್ಯಕ್ಕೂ ನೆಲೆಯಿಲ್ಲ ಎಂಬುದು ಅವನ ವಾದದ ತಿರುಳು. ಜೆರೆಮಿ ವಾಲ್ಡ್ರನ್‌ಗೆ ಇದು ಸಮ್ಮತವಲ್ಲ. ಹಲವು ಸಂಸ್ಕೃತಿಗಳಿಂದ ಆಯ್ದು ಬೆರೆಸಿಕೊಂಡೇ ಮನುಷ್ಯ ಬಾಳಬಲ್ಲ ಎನ್ನುತ್ತಾನೆ. ಚಂದ್ರನ್ ಕುಕಥಾಸ್ ಪ್ರಕಾರ ಗುಂಪಿನಿಂದ ಹೊರಟುಹೋಗುವ ಸ್ವಾತಂತ್ರ್ಯ ಇದ್ದರೆ ಸಾಕು. ಟೋಬಿಕ್‌ನ ಹೆಂಗಸಿಗೆ ಈ ಮಾತು ಯಾವ ಉಪಯೋಗಕ್ಕೆ ಬಂದೀತು? ಅವಳು ಕೇಳಿದ್ದು ಹೊರಟುಹೋಗುವ ಹಕ್ಕನ್ನಲ್ಲ, ಮರಳಿ ಬರುವ ಹಕ್ಕನ್ನು. ಸೂಸನ್ ಮೊಲ್ಲರ್ ಓಕಿನ್ 1997ರಲ್ಲಿ ಎತ್ತಿದ ಆಕ್ಷೇಪ ಎಲ್ಲಕ್ಕಿಂತ ಹರಿತ: ಗುಂಪಿನ ಹಕ್ಕು ಎಂದಾಗ ಗುಂಪಿನ ಪರವಾಗಿ ಮಾತಾಡುವವರು ಸಾಮಾನ್ಯವಾಗಿ ಹಿರಿಯ ಗಂಡಸರು. ಕಿಮ್ಲಿಕಾನ ವಿಂಗಡಣೆ ಉಪಯುಕ್ತವೇ ಹೌದು, ಆದರೆ ಕಿಟೋಕ್ ಪ್ರಕರಣದಲ್ಲಿ ಒಳಗಿನ ನಿರ್ಬಂಧವೇ ಹೊರಗಿನ ರಕ್ಷಣೆಯ ವೇಷ ಹಾಕಿ ಬಂದಿತ್ತು. ಎರಡರ ನಡುವಣ ಗೆರೆ ಕಾಗದದ ಮೇಲೆ ಕಾಣುವಷ್ಟು ನೇರವಾಗಿ ನೆಲದ ಮೇಲೆ ಕಾಣುವುದಿಲ್ಲ.

ನೆಲದ ಪ್ರಶ್ನೆ ಬಂದಾಗ ವ್ಯಕ್ತಿಯ ಹಕ್ಕಿನ ಮಿತಿಯೂ ಬಯಲಾಗುತ್ತದೆ. ಕೆನಡಾದ ಆಲ್ಬರ್ಟಾದಲ್ಲಿ ತೈಲ ಮತ್ತು ಅನಿಲದ ಅಗೆತದಿಂದ ನೆಲೆ ಕಳೆದುಕೊಂಡ ಲುಬಿಕಾನ್ ಸರೋವರದ ಕ್ರೀ ಜನರ ಮುಖಂಡ ಬರ್ನಾರ್ಡ್ ಒಮಿನಾಯಕ್, ಒಡಂಬಡಿಕೆಯ ಮೊದಲ ವಿಧಿ ಎಲ್ಲ ಜನತೆಗಳಿಗೂ ಕೊಟ್ಟ ಸ್ವನಿರ್ಣಯದ ಹಕ್ಕನ್ನು ಹಿಡಿದು ದೂರು ಕೊಟ್ಟ. 1990ರಲ್ಲಿ ಸಮಿತಿ, ಅದು ಜನತೆಯ ಹಕ್ಕು, ವ್ಯಕ್ತಿಯ ದೂರಿನ ದಾರಿಯಿಂದ ಅದನ್ನು ವಿಚಾರಿಸಲಾಗದು ಎಂದಿತು. 27ನೇ ವಿಧಿಯ ಭಂಗವಾಗಿದೆ ಎಂದು ಮಾತ್ರ ಕಂಡುಕೊಂಡಿತು. ಮನೆ ಕೇಳಲು ಹೋದವರಿಗೆ ಕೋಣೆಯ ಬೀಗದ ಕೈ ಸಿಕ್ಕ ಹಾಗಾಯಿತು. ಫಿನ್ಲೆಂಡಿನ ಸಾಮಿಗಳು ಬೆಟ್ಟವೊಂದರ ಕಲ್ಲು ಗಣಿಯ ವಿರುದ್ಧ ತಂದ ಲ್ಯಾನ್ಸ್‌ಮನ್ ಪ್ರಕರಣದಲ್ಲಿ, 1994ರಲ್ಲಿ, ಎರಡು ಮಾತು ಸ್ಥಿರವಾದವು. ಸಾಕಣೆಯಂಥ ಹೊಟ್ಟೆಪಾಡಿನ ಕಸುಬೂ ಸಂಸ್ಕೃತಿಯೇ, ಆಧುನಿಕ ಯಂತ್ರ ಬಳಸಿದ ಮಾತ್ರಕ್ಕೆ ಅದು ಹಕ್ಕಿನಿಂದ ಹೊರಗಾಗದು. ದೇಶದ ಅಭಿವೃದ್ಧಿ ಎಂಬ ಕಾರಣದಿಂದ ಈ ಹಕ್ಕನ್ನು ಅಳೆಯುವಂತೆಯೂ ಇಲ್ಲ. ಆ ದೂರಿನಲ್ಲಿ ಸಾಮಿಗಳು ಗೆಲ್ಲಲಿಲ್ಲ, ಗಣಿ ಸಣ್ಣದಾಗಿತ್ತು. ಪೆರುವಿನ ಐಮಾರಾ ಹೆಂಗಸು ಆಂಜೆಲಾ ಪೋಮಾ ಪೋಮಾ ತನ್ನ ಲಾಮಾಗಳು ಮೇಯುವ ಜೌಗು ಹುಲ್ಲುಗಾವಲಿನ ನೀರನ್ನು ಸರ್ಕಾರ ಬೇರೆಡೆಗೆ ತಿರುಗಿಸಿಕೊಂಡದ್ದರ ಬಗ್ಗೆ ದೂರಿದಾಗ ಸಮಿತಿ 2009ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಬರಿಯ ಸಮಾಲೋಚನೆ ಸಾಲದು. ಮುಂಚಿತವಾಗಿ, ಎಲ್ಲ ತಿಳಿಸಿ, ಒತ್ತಾಯವಿಲ್ಲದೆ ಪಡೆದ ಸಮುದಾಯದ ಒಪ್ಪಿಗೆ ಬೇಕು ಎಂದಿತು.

ಈ ಎಳೆಗಳೆಲ್ಲ ಒಟ್ಟಿಗೆ ಸೇರಿದ್ದು ನಾರ್ವೆಯ ಫೋಸೆನ್ ಪರ್ಯಾಯದ್ವೀಪದಲ್ಲಿ. ಅಲ್ಲಿನ ದಕ್ಷಿಣ ಸಾಮಿ ಭಾಷೆಯನ್ನು ಆಡುವವರು ಕೆಲವೇ ನೂರು ಜನ. ಹಿಮಸಾರಂಗದ ಹಟ್ಟಿಗಳೇ ಆ ಭಾಷೆ ದಿನವೂ ಕಿವಿಗೆ ಬೀಳುವ ತಾಣ. ಸ್ಟೋರ್‌ಹೈಯಾ ಮತ್ತು ರೋಆನ್ ಎಂಬಲ್ಲಿ 151 ಗಾಳಿಯಂತ್ರಗಳು ಎದ್ದುನಿಂತವು. ಹಿಮಸಾರಂಗ ಯಂತ್ರದ ಹತ್ತಿರ ಸುಳಿಯದು. ಹೋದದ್ದು ಚಳಿಗಾಲದ ಮೇವು. ಬೇಸಿಗೆಯಲ್ಲಿ ಹುಲ್ಲು ಎಲ್ಲಿಯಾದರೂ ಸಿಗುತ್ತದೆ. ಹಿಮ ಗಾಳಿಗೆ ಹಾರಿ ತೆಳುವಾಗಿ, ಗೊರಸಿನಿಂದ ಕೆದಕಿದರೆ ಕಲ್ಲುಹೂವು ಸಿಗುವ ನೆಲ ಕಡಿಮೆ. ಒಂದು ಮಂದೆ ಎಷ್ಟು ದೊಡ್ಡದಿರಬಹುದು ಎಂಬುದನ್ನು ನಿರ್ಧರಿಸುವುದು ಆ ನೆಲ. ಕೆಳಗಿನ ನ್ಯಾಯಾಲಯ ಸುಮಾರು 9 ಕೋಟಿ ಕ್ರೋನರ್ ಪರಿಹಾರ ಲೆಕ್ಕ ಹಾಕಿತು: ಚಳಿಗಾಲದಲ್ಲಿ ಬೇಲಿಯೊಳಗೆ ಕೂಡಿಹಾಕಿ ಮೇವು ಕೊಂಡು ತಿನ್ನಿಸಿದರಾಯಿತು, ಹಕ್ಕಿಗೆ ಭಂಗವಿಲ್ಲ.

ನಾರ್ವೆಯ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಾಧೀಶರ ಪೀಠ 2021ರ ಅಕ್ಟೋಬರ್ 11ರಂದು ಇದನ್ನು ಒಮ್ಮತದಿಂದ ತಳ್ಳಿಹಾಕಿತು. ಬೇಲಿಯೊಳಗೆ ಕೂಡಿಹಾಕಿ ಸಾಕುವುದು ಅಲೆದು ಮೇಯಿಸುವ ಸಾಮಿ ಪದ್ಧತಿಗೆ ದೂರವಾದದ್ದು, ಅದರ ಫಲವೂ ಅನಿಶ್ಚಿತ ಎಂದಿತು. ಗಾಳಿ ವಿದ್ಯುತ್ತು ಪರಿಸರಕ್ಕೆ ಒಳ್ಳೆಯದು ನಿಜ, ಆದರೆ ಸಾಮಿಗಳಿಗೆ ಇಷ್ಟು ಹಾನಿಯಾಗದ ಬೇರೆ ಜಾಗ ಆರಿಸಬಹುದಿತ್ತು ಎಂದು ಹೇಳಿ, 27ನೇ ವಿಧಿಯ ಭಂಗವಾಗಿರುವುದರಿಂದ ಪರವಾನಗಿಗಳು ಅಸಿಂಧು ಎಂದು ತೀರ್ಪಿತ್ತಿತು. ವ್ಯಕ್ತಿಗಳ ಹೆಸರಿಗೆ ಬರೆದ ಹಕ್ಕು ಇಡೀ ಹಟ್ಟಿಯ ನೆಲವನ್ನು ಕಾದದ್ದು ಇಲ್ಲಿ. ತೀರ್ಪು ಬಂದರೂ ಯಂತ್ರಗಳು ನಿಲ್ಲಲಿಲ್ಲ. ಐನೂರು ದಿನ ತುಂಬಿದಾಗ, 2023ರ ಫೆಬ್ರವರಿಯಲ್ಲಿ, ಸಾಮಿ ಯುವಕ ಯುವತಿಯರು ಓಸ್ಲೋದ ಇಂಧನ ಸಚಿವಾಲಯದ ಪಡಸಾಲೆಯಲ್ಲಿ ಕೂತರು. ಕೆಲವರು ಗಾಕ್ತಿ ಎಂಬ ತಮ್ಮ ಬಣ್ಣದ ಪಟ್ಟಿಗಳ ನಿಲುವಂಗಿಯನ್ನು ಒಳಮೈ ಹೊರಗೆ ಮಾಡಿ ತೊಟ್ಟಿದ್ದರು. ಹೊಲಿಗೆಯ ಎಳೆಗಳು ಕಾಣುವ ಆ ಬಗೆ ಪ್ರತಿಭಟನೆಯ ಗುರುತು. ಮಾರ್ಚ್ 2ರಂದು ಸರ್ಕಾರ ಕ್ಷಮೆ ಕೇಳಿತು. 2023ರ ಡಿಸೆಂಬರಿನಲ್ಲಿ ದಕ್ಷಿಣದ ಹಟ್ಟಿಯೂ 2024ರ ಮಾರ್ಚಿನಲ್ಲಿ ಉತ್ತರದ ಹಟ್ಟಿಯೂ ರಾಜಿಗೆ ಒಪ್ಪಿದವು. ಯಂತ್ರಗಳು ಉಳಿದವು. ದಕ್ಷಿಣದವರಿಗೆ ಬೇರೆಡೆ ಚಳಿಗಾಲದ ಮೇವಿನ ನೆಲದ ಭರವಸೆ ಮತ್ತು, ಈಗಿನ ಪರವಾನಗಿ ಮುಗಿದ ಮೇಲೆ ಅದನ್ನು ಮುಂದುವರಿಸಲು ತಮ್ಮ ಒಪ್ಪಿಗೆ ಬೇಕೆನ್ನುವ ಅಧಿಕಾರ ಸಿಕ್ಕಿತು. ಇಷ್ಟು ಕಾಲ ಕಾಯಿಸಿ ಕೊಟ್ಟ ನ್ಯಾಯದಲ್ಲಿ ಅರ್ಧ ಕಾಯುವಾಗಲೇ ಕರಗಿರುತ್ತದೆ.

ಈ ನಡುವೆ ಕಾನೂನಿನ ಭಾಷೆಯೂ ಬದಲಾಗಿತ್ತು. 2007ರ ಸೆಪ್ಟೆಂಬರ್ 13ರಂದು ಮಹಾಸಭೆ 144 ಮತಗಳಿಂದ ಅಂಗೀಕರಿಸಿದ ಮೂಲನಿವಾಸಿ ಜನತೆಗಳ ಹಕ್ಕುಗಳ ಘೋಷಣೆಯಲ್ಲಿ ಹಕ್ಕುದಾರರು ಜನತೆಗಳೂ ಹೌದು, ವ್ಯಕ್ತಿಗಳೂ ಹೌದು. ವಿರೋಧಿಸಿದ್ದ ಆಸ್ಟ್ರೇಲಿಯಾ, ಕೆನಡಾ, ನ್ಯೂಜಿಲೆಂಡ್, ಅಮೆರಿಕ ಈ ನಾಲ್ಕೂ ದೇಶಗಳು ಆಮೇಲೆ ಮನಸ್ಸು ಬದಲಿಸಿದವು. ಆದರೆ ಅದು ಘೋಷಣೆ. 27ನೇ ವಿಧಿಯ ಹಾಗೆ ಕಟ್ಟುವ ಕಾನೂನಲ್ಲ. ಮೂಲನಿವಾಸಿಗಳಲ್ಲದ ಅಲ್ಪಸಂಖ್ಯಾತರಿಗಾಗಿ 1992ರಲ್ಲಿ ಬಂದ ಘೋಷಣೆ ಅಲ್ಪಸಂಖ್ಯಾತರಿಗೆ ಸೇರಿದ ವ್ಯಕ್ತಿಗಳು ಎಂಬ ಹಳೆಯ ಮಾತಿನಲ್ಲೇ ಇದೆ. ರೋಮಾ, ಕುರ್ದ್, ರೋಹಿಂಗ್ಯಾ ಜನರಿಗೆ ಜನತೆಯೆಂಬ ಪದದ ಬಾಗಿಲು ತೆರೆಯಲು ಸರ್ಕಾರಗಳು ಇನ್ನೂ ಅಂಜುತ್ತವೆ.

ಕುಲಕ್ಕೆ ಸೇರಿದವರು ಯಾರೆಂದು ಹೇಳುವ ಅಧಿಕಾರ ಯಾರದು ಎಂಬ ಪ್ರಶ್ನೆ ಫಿನ್ಲೆಂಡಿನಲ್ಲಿ ಎದ್ದಿತು. 2015ರಲ್ಲಿ ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ, ಸಾಮಿಗಳು ತಮ್ಮೊಳಗಿಂದ ಆರಿಸುವ ಸಭೆಯಾದ ಸಾಮಿ ಸಂಸತ್ತು ತನ್ನ ಮತದಾರರ ಪಟ್ಟಿಗೆ ಸೇರಿಸಿಕೊಳ್ಳಲು ಒಪ್ಪದ 93 ಮಂದಿಯನ್ನು ಸೇರಿಸಿತು. ನಾವೂ ಸಾಮಿಗಳು ಎಂದು ಆ 93 ಮಂದಿ ಹೇಳಿಕೊಂಡಿದ್ದರು. ಅವರ ಜಾಗದಲ್ಲಿ ನಿಂತು ನೋಡಿದರೆ ಲವ್‌ಲೇಸ್‌ಳ ನೆನಪು ಬರಬಹುದು. ಆದರೆ ಟೋಬಿಕ್‌ನಲ್ಲಿ ಹೆಣ್ಣುಮಗಳನ್ನು ಹೊರದಬ್ಬಿದ್ದು ಸರ್ಕಾರ ಮಾಡಿದ ಕಾಯ್ದೆ. ಇಲ್ಲಿ ಸರ್ಕಾರದ ಅಂಗವೊಂದು, ಕಾನೂನಿನ ಲಕ್ಷಣವನ್ನು ಬದಿಗಿಟ್ಟು, ಒಳಗಿನವರ ತೀರ್ಮಾನವನ್ನು ಅಳಿಸಿ ಬರೆದಿತ್ತು. ಸಾಮಿ ಸಂಸತ್ತಿನ ಅಂದಿನ ಅಧ್ಯಕ್ಷೆ ಟೀನಾ ಸನಿಲಾ-ಐಕಿಯೋ ತನ್ನ ಹೆಸರಿನಲ್ಲೂ, ಸಂಸತ್ತಿನ ಒಪ್ಪಿಗೆ ಪಡೆದು ತನ್ನ ಜನರ ಪರವಾಗಿಯೂ ದೂರು ಕೊಟ್ಟಳು. ಸಮಿತಿಯ ಅಭಿಪ್ರಾಯ 2019ರ ಆರಂಭದಲ್ಲಿ ಹೊರಬಂತು. ರಾಜಕೀಯದಲ್ಲಿ ಪಾಲ್ಗೊಳ್ಳುವ ಹಕ್ಕಿನ 25ನೇ ವಿಧಿಯನ್ನು 27ನೇ ವಿಧಿಯೊಡನೆ ಸೇರಿಸಿ ಓದಿದಾಗ ಭಂಗವಾಗಿದೆ ಎಂದು ಸಮಿತಿ ಕಂಡುಕೊಂಡಿತು. ಅವೆರಡನ್ನೂ ಅದು ಓದಿದ್ದು, ಒಮಿನಾಯಕ್‌ಗೆ ಅಂದು ಮುಚ್ಚಿದ್ದ ಸ್ವನಿರ್ಣಯದ ಮೊದಲ ವಿಧಿಯ ಬೆಳಕಿನಲ್ಲಿ.